ದಂಡಿ ಅರ್ಜುನಪ್ಪನ ಲಾರಿಯ ಹಿಂದಿನ ದೀಪ

ಅಬ್ಬಿಗೇರಿಯ ಅರ್ಜುನಪ್ಪನಿಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಮಾತ್ರ ಬೀಗರ ಹಾಗೆ ಬಂದು ಹೋಗದೆ ಮನೆಮಗನ ಹಾಗೆ ಇದ್ದುಬಿಡುತ್ತದೆ. ಯಾವುದೋ ಲಗ್ನದ ಊಟದಲ್ಲಿ ತನ್ನ ಎಲೆ ದಾಟಿಸಿ ಪಕ್ಕದವನಿಗೆ ಹೋಳಿಗೆ ಬಡಿಸಿದ ಸೋದರಮಾವನ ಮನೆಯಲ್ಲಿ ಅವನು ಇವತ್ತಿಗೂ ನೀರು ಕುಡಿಯುವುದಿಲ್ಲ. ಆ ಮಾವ ಸತ್ತು ಮಣ್ಣಾದರು. ಹೋಳಿಗೆಯ ಸಿಟ್ಟು ಮಣ್ಣಾಗಿಲ್ಲ. ಇಂಥವನನ್ನು ಹೆಂಡತಿಯ ಎದುರಿಗೆ ಸುಳ್ಳುಗಾರ ಅನ್ನಬಾರದಿತ್ತು. ಗಜೇಂದ್ರಗಡದ ಲಾರಿ ಶೋರೂಮಿನ ಪ್ರಭುಲಿಂಗಪ್ಪ ಸಾವಕಾರರು ಅಂದುಬಿಟ್ಟರು.

ಅರ್ಜುನಪ್ಪನಿಗೆ ಹೊಲವಿದ್ದರೂ ಜೀವವೆಲ್ಲ ಗಾಲಿಯ ಮೇಲೆ. ಅರ್ಧ ಆಯುಷ್ಯ ಮಂದಿಯ ಲಾರಿ ಓಡಿಸಿ, ಈ ಸಲದ ಯುಗಾದಿಗೆ ಸ್ವಂತದ್ದೊಂದನ್ನು ತಂದಿದ್ದ. ಬೇರೆ ಕಡೆ ಹೋಗದೆ ಪ್ರಭುಲಿಂಗಪ್ಪನವರ ಹತ್ತಿರ ಹೋದದ್ದು ಅವರ ಕೈಗುಣಕ್ಕಾಗಿ. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಆ ಕೈಗುಣದ ಮಾತು ಹಬ್ಬಿತ್ತು. ಹೊಸ ಗಾಡಿ ಹೊರಬೀಳುವ ದಿನ ಸಾವಕಾರರು ತಾವೇ ಮುಂದೆ ನಿಂತು ಪೂಜೆ ಮಾಡಿಸಿ, ಕಾಯಿ ಒಡೆದು, ಕೆಟ್ಟ ಕಣ್ಣು ತಾಗದಿರಲೆಂದು ಹಿಂದಿನ ಎರಡೂ ದೀಪಗಳ ನೆತ್ತಿಗೆ ಉಣ್ಣೆಯ ಕರಿ ಗೊಂಡೆ ಇಟ್ಟು ಸ್ವಂತ ಕೈಯಿಂದ ಸ್ಕ್ರೂ ತಿರುಗಿಸಿ ಕೂರಿಸುತ್ತಿದ್ದರು. ಪೂಜೆಯಲ್ಲಿ ಕಟ್ಟಿದ ಗೊಂಡೆಯನ್ನು ತಾನಾಗಿ ಉದುರುವ ತನಕ ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ಗಾಡಿಗೆ ಕೇಡು ಎಂಬ ಅಂಜಿಕೆ.

ಶ್ರಾವಣದಲ್ಲಿ ಅವನು ಹೆಸರುಕಾಳು ಹೇರಿಕೊಂಡು ಸೊಲ್ಲಾಪುರಕ್ಕೆ ಹೊರಟಾಗ ಕೊಣ್ಣೂರಿನಲ್ಲಿ ಮಲಪ್ರಭೆ ಸೇತುವೆಯ ಮೇಲೆ ಹರಿಯುತ್ತಿತ್ತು. ಜೊತೆಗೆ ಹೊರಟಿದ್ದವನು ಅಬ್ಬಿಗೇರಿಯವನೇ ಆದ ಜಂಗ್ಲಿಸಾಬ. ಅವನದೂ ಅದೇ ಶೋರೂಮಿನ, ಅದೇ ಯುಗಾದಿಯ ಲಾರಿ. "ಅರ್ಜುನಣ್ಣಾ, ನನ್ನ ಬೆನ್ನ ಹತ್ತಿ ಬಾ, ಏನೂ ಆಗೂದಿಲ್ಲ!" ಎಂದು ಕೂಗಿ ಜಂಗ್ಲಿಸಾಬ ನೀರಿಗೆ ನುಗ್ಗಿಸಿದ, ದಾಟಿಯೂ ಬಿಟ್ಟ. ಅರ್ಜುನಪ್ಪ ಇಳಿಸಲಿಲ್ಲ. ಹೊಳೆ ಇಳಿಯುವ ತನಕ ಸುರಿಯುವ ಮಳೆಯಲ್ಲಿ ದಂಡೆಯ ಮೇಲೇ ನಿಂತ. ತಾಡಪತ್ರಿ ಸೋರಿ ಕಾಳು ಮೊಳಕೆಯೊಡೆದವು, ಸೊಲ್ಲಾಪುರ ಮುಟ್ಟದೆಯೇ ಗಾಡಿ ತಿರುಗಿತು. ಅಂದಿನಿಂದ ಊರಿಗೆಲ್ಲ ಅವನು ದಂಡಿ ಅರ್ಜುನಪ್ಪ. ಚಹಾದಂಗಡಿಯಲ್ಲಿ ಕಾಲ ಮೇಲೆ ಒಂದು ಹನಿ ನೀರು ಬಿದ್ದರೂ "ದಂಡಿಗೆ ಬಾರೋ" ಎಂದು ನಗುವವರು. ಹೊಸ ಗಾಡಿಗಾಗಿ ಇದನ್ನೂ ನುಂಗಿಕೊಂಡ.

ನುಂಗಲಾಗದ್ದು ಆಮೇಲೆ ಬಂತು. ಲಾರಿಯ ಹಿಂದಿನ ದೀಪಗಳ ಒಳಗೆಲ್ಲ ಮಂಜು ಕವಿದು, ತಳದಲ್ಲಿ ನೀರು ನಿಂತಿತ್ತು. ಬ್ರೇಕ್ ಒತ್ತಿದರೆ ಕೆಂಪು ಹೊರಗೆ ಬರುತ್ತಲೇ ಇರಲಿಲ್ಲ. ಹಿಂದಿನವನಿಗೆ ಕಾಣದಿದ್ದರೆ ಬಂದು ಗುದ್ದುವುದೊಂದೇ ಬಾಕಿ. ವಾರಂಟಿ ಇದೆಯಲ್ಲ ಎಂದು ಧೈರ್ಯವಾಗಿ ಗಜೇಂದ್ರಗಡಕ್ಕೆ ಹೊರಟ. ಸೀರೆ ನೋಡುವ ನೆಪಕ್ಕೆ ಹೆಂಡತಿ ಅನ್ನಪೂರ್ಣಾಳೂ ಹತ್ತಿ ಕೂತಳು.

ಪ್ರಭುಲಿಂಗಪ್ಪನವರು ದೀಪದ ಹತ್ತಿರ ಬಗ್ಗಲೂ ಇಲ್ಲ. "ಗಾಡಿ ಹೊಳ್ಯಾಗ ಇಳಿಸೀರಿ ಅರ್ಜುನಪ್ಪ. ನೀರಾಗ ಇಳಿಸಿದ ಗಾಡಿಗೆ ವಾರಂಟಿ ಇಲ್ರಿ" ಎಂದರು.

"ಇಳಿಸಿಲ್ರೀ ಸಾವಕಾರ್ರ. ದಂಡ್ಯಾಗ ನಿಲ್ಲಿಸಿದ್ದೆ. ಊರಿಗೂರಽ ನನ್ನ ನೋಡಿ ನಗಾಕತ್ತೈತಿ, ಯಾರನ್ನರ ಕೇಳ್ರಿ!"

"ಸುಳ್ಳ ಯಾಕ ಹೇಳ್ತೀರಿ? ಕೊಣ್ಣೂರಾಗ ಎಲ್ಲಾರೂ ದಾಟ್ಯಾರ. ನೀವೊಬ್ರಽ ನಿಂತ್ರೇನು?"

"ನಿಂತಾರ್ರಿ. ನನಗ ಗೊತ್ತೈತಿ" ಎಂದು ಅನ್ನಪೂರ್ಣಾ ಮುಂದೆ ಬಂದಳು.

ಸಾವಕಾರರು ಕೆಲಸದವರ ಕಡೆ ನೋಡಿ ನಕ್ಕರು. "ತಂಗೀ, ಗಂಡಸ್ರು ಹಾದ್ಯಾಗ ಮಾಡಿದ್ದನ್ನೆಲ್ಲಾ ಮನ್ಯಾಗ ಹೇಳೂದಿಲ್ಲವಾ. ನೀ ಹೋಗಿ ಅಲ್ಲಿ ನೆರಳಾಗ ಕುಂದ್ರು." ಕೆಲಸದವರೂ ನಕ್ಕರು.

ವಾಪಸು ಬರುವಾಗ ನರೇಗಲ್ಲ ದಾಟಿದ ಮೇಲೆ ಅನ್ನಪೂರ್ಣಾ ಮೆಲ್ಲಗೆ ಕೇಳಿದಳು: "ಖರೇ ಹೇಳ್ರಿ. ಗಾಡಿ ಹೊಳಿಗೆ ಇಳಿಸಿದ್ರೇನು?"

ಅರ್ಜುನಪ್ಪ ಊರು ನಕ್ಕಿದ್ದನ್ನು ತಡೆದುಕೊಂಡಿದ್ದ, ಸಾವಕಾರ ನಕ್ಕಿದ್ದನ್ನೂ ತಡೆದುಕೊಳ್ಳುತ್ತಿದ್ದನೇನೋ. ಕೈ ಹಿಡಿದವಳೇ ಸಂಶಯಪಟ್ಟರೆ? ಇಳಿಸಲಿಲ್ಲವೆಂದು ಸಾವಕಾರರ ಬಾಯಿಂದಲೇ ಇವಳ ಮುಂದೆ ಹೇಳಿಸಬೇಕು. ಆ ಕೈಗುಣದ ಕೈಯನ್ನು ಮಂದಿಯ ಮುಂದೆ ಹಿಡಿಯಬೇಕು. ಅಲ್ಲಿಯ ತನಕ ಆ ದೀಪಗಳನ್ನು ಬೇರೆ ಯಾರ ಹತ್ತಿರವೂ ರಿಪೇರಿ ಮಾಡಿಸಕೂಡದು ಎಂದು ಗಟ್ಟಿ ಮಾಡಿಕೊಂಡ. ಕತ್ತಲಾದರೆ ಗಾಡಿ ಬದಿಗೆ ಹಾಕಿ ಮಲಗುತ್ತಿದ್ದ.

ಒಂದು ಮುಂಜಾನೆ ಬಸ್ ನಿಲ್ದಾಣದ ಹತ್ತಿರ ಜಂಗ್ಲಿಸಾಬನ ಲಾರಿ ಅವನ ಮುಂದೆಯೇ ನಿಂತಿತು. ಹಿಂದಿನ ದೀಪ ದಾಳಿಂಬೆ ಕಾಳಿನಷ್ಟು ಕೆಂಪಗೆ ಹೊತ್ತಿತು. ಅರ್ಜುನಪ್ಪ ಇಳಿದು ಹೋಗಿ ನೋಡಿದ. ಒಳಗೆ ಮಂಜಿಲ್ಲ, ಹನಿ ನೀರಿಲ್ಲ. ಹೊಳೆಯಲ್ಲಿ ಮುಳುಗಿ ಎದ್ದ ಗಾಡಿಯ ದೀಪ ಒಣಗಿದೆ. ದಂಡೆಯ ಮೇಲೆ ನಿಂತ ಗಾಡಿಯ ದೀಪದಲ್ಲಿ ಕೆರೆ! ಎರಡಕ್ಕೂ ಇದ್ದ ವ್ಯತ್ಯಾಸ ಒಂದೇ. ದರ್ಗಾದ ಹಸಿರು ದಾರ ಸಾಕೆಂದು ಜಂಗ್ಲಿಸಾಬ ಗಾಡಿ ತಂದ ದಿನವೇ ಗೊಂಡೆ ಬೇಡವೆಂದಿದ್ದ.

ಅರ್ಜುನಪ್ಪ ತನ್ನ ಗಾಡಿಯ ಹಿಂದೆ ಬಂದ, ಊರ ದೇವರನ್ನೆಲ್ಲ ನೆನೆದ, ಕಣ್ಣು ಮುಚ್ಚಿ ಗೊಂಡೆ ಎತ್ತಿದ. ಕಣ್ಣು ತೆರೆದರೆ, ಸ್ಕ್ರೂ ದೀಪದ ಪ್ಲಾಸ್ಟಿಕ್ಕನ್ನು ತೂರಿ ಒಳಗೆ ಇಳಿದಿತ್ತು. ಸುತ್ತ ಕೂದಲೆಳೆಯ ಬಿರುಕು. ರಾತ್ರಿಯ ಮಳೆಗೆ ನೆನೆದ ಉಣ್ಣೆ ಹನಿಹನಿಯಾಗಿ ಅಲ್ಲೇ ಬಸಿಯುತ್ತಿತ್ತು. ಗೊಂಡೆಯನ್ನು ಮೊದಲಿದ್ದ ಹಾಗೆಯೇ ಇಳಿಬಿಟ್ಟು ಅವನು ತುಂಬ ದಿನಗಳ ಮೇಲೆ ನಕ್ಕ.

ಬೇರೆಯವನಾದರೆ ಅವತ್ತೇ ಓಡುತ್ತಿದ್ದ. ಇವನು ವಿಜಯದಶಮಿಯ ತನಕ ಬಾಯಿ ಬಿಡಲಿಲ್ಲ. ಬನ್ನಿ ಹಬ್ಬದ ದಿನ ಶೋರೂಮಿನ ಮುಂದೆ ಹೊಸ ಲಾರಿಗಳ ಸಾಲೇ ಇರುತ್ತದೆಂದು ಅವನಿಗೆ ಗೊತ್ತಿತ್ತು. ಜಂಗ್ಲಿಸಾಬನನ್ನು ಹೊರಡಿಸುವುದು ಕಷ್ಟವಾಗಲಿಲ್ಲ. ಹೊಳೆ ದಾಟಿದ ಕಥೆಯನ್ನು ಅವನಿಂದ ಕೇಳದವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಹೊಸ ಮಂದಿ ಸಿಗುತ್ತಾರೆಂದರೆ ಸಾಕಿತ್ತು. ಅನ್ನಪೂರ್ಣಾ ಕರೆಯದೆಯೇ ಹೊಸ ಸೀರೆ ಉಟ್ಟು ನಿಂತಿದ್ದಳು.

ಪ್ರಭುಲಿಂಗಪ್ಪನವರು ಒಂದು ಹೊಸ ಗಾಡಿಗೆ ಸ್ಕ್ರೂ ಇಟ್ಟು ಕೈ ತಿರುಗಿಸಬೇಕು, ಅಷ್ಟರಲ್ಲಿ ಅರ್ಜುನಪ್ಪ ಆ ಕೈ ಹಿಡಿದ. "ತಡೀರಿ ಸಾವಕಾರ್ರ. ನಿಮ್ಮ ಕೈಗುಣ ಇವರೂ ನೋಡ್ಲಿ."

ತನ್ನ ಗಾಡಿಯ ಗೊಂಡೆಯನ್ನು ಎಲ್ಲರೆದುರು ಬಿಚ್ಚಿದ. ಸ್ಕ್ರೂ ಹೋದ ತೂತು ತೋರಿಸಿದ, ಒಳಗಿನ ನೀರು ತೋರಿಸಿದ. ಸಾವಕಾರರು "ಏ, ಇಂವ ಹೊಳಿಗೆ ಇಳಿಸ್ಯಾನ್ರೀ!" ಎಂದು ಕೂಗಿದರು. ಅರ್ಜುನಪ್ಪ ಅದನ್ನೇ ಕಾಯುತ್ತಿದ್ದ.

"ಹೊಳಿಗೆ ಇಳಿಸಿದಾಂವ ನಾನ್ರೀ!" ಎಂದು ಜಂಗ್ಲಿಸಾಬ ಎದೆ ಸೆಟೆಸಿ ಬಂದ. "ದೀಪಾ ಎಲ್ಲಾ ಮುಳುಗಿದ್ದು. ನೋಡ್ರಿ ನನ್ನ ಗಾಡಿ, ಹನಿ ನೀರೈತೇನು? ಇಂವ ದಂಡ್ಯಾಗ ಕುಂತಿದ್ದ. ಎಷ್ಟ ಒದರಿದ್ರೂ ಬರಲಿಲ್ಲ!"

ಹೊಸ ಗಾಡಿ ಒಯ್ಯಲು ಬಂದಿದ್ದ ಮುದುಕಿಯೊಬ್ಬಳು ತನ್ನ ಮಗನ ಅಂಗಿ ಜಗ್ಗಿ, "ನಮಗ ಗೊಂಡಿ ಬ್ಯಾಡಪಾ, ಇವರ ಕೈಯಾಗಿಂದು ಸ್ಕ್ರೂ ಇಸ್ಕೋ" ಎಂದಳು. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ದೀಪಗಳಿಗೆ ಅಡ್ಡ ನಿಂತರು. ಸಾವಕಾರರ ಮುಖ ಕಪ್ಪಿಟ್ಟಿತು. "ಒಳಗ ಬರ್ರಿ ಅರ್ಜುನಪ್ಪ, ಹೊಸಾ ದೀಪ ಹಾಕಸ್ತೀನಿ" ಎಂದು ಪಿಸುಗುಟ್ಟಿದರು.

"ದೀಪ ಆಮ್ಯಾಲ. ಮೊದಲ ಇಕೀಗೆ ಹೇಳ್ರಿ. ಆವತ್ತ ಎಲ್ಲಿ ನಿಂತು ಅಂದ್ರಿ, ಅಲ್ಲೇ ನಿಂತು ಹೇಳ್ರಿ."

ಅನ್ನಪೂರ್ಣಾ ಆ ಜಾಗದಲ್ಲಿ ಆಗಲೇ ಹೋಗಿ ನಿಂತಿದ್ದಳು, ಬಿಸಿಲಲ್ಲಿ. ಸಾವಕಾರರು ಅತ್ತಿತ್ತ ನೋಡಿದರು. ಯಾರೂ ಬಿಡಿಸಿಕೊಳ್ಳಲು ಬರಲಿಲ್ಲ. "ತಂಗೀ, ನಿನ್ನ ಗಂಡ ಗಾಡಿ ನೀರಿಗೆ ಇಳಿಸಿಲ್ಲವಾ. ತಪ್ಪು ನಂದು" ಎಂದರು. ಅವಳು "ಜೋರಾಗಿ ಅನ್ರಿ, ಅಲ್ಲಿ ಕೆಲಸದವರಿಗೆ ಕೇಳಲಿಲ್ಲ" ಎಂದಳು. ಇನ್ನೊಮ್ಮೆ ಜೋರಾಗಿ ಅಂದರು.

ಹೊಸ ದೀಪಗಳು ವಾರಂಟಿಯಲ್ಲೇ ಬಂದವು. ವಾಪಸು ಬರುವಾಗ ಅರ್ಜುನಪ್ಪ ಬೇಕೆಂದೇ ಅಲ್ಲಲ್ಲಿ ಬ್ರೇಕ್ ಒತ್ತುತ್ತಿದ್ದ. ನರೇಗಲ್ಲ ದಾಟಿದ ಮೇಲೆ ಕೇಳಿದ: "ಈಗರ ನಂಬಿದಿ?"

"ಯಾವತ್ತ ನಂಬಿದ್ದಿಲ್ಲ? ಮೊಳಕಿ ಒಡದ ಹೆಸರು ಅಂಗಳದಾಗ ಹರವಿ ಒಣಗಿಸಿದಾಕಿ ನಾನ್ರಿ. ದಂಡ್ಯಾಗ ನಿಂತಿದ್ದು ನನಗ ಗೊತ್ತಿರಲಿಲ್ಲೇನು?"

"ಮತ್ತ ಆವತ್ತ ಯಾಕ ಕೇಳಿದಿ?"

"ನನ್ನ ನೆರಳಾಗ ಕುಂದ್ರು ಅಂದು ನಕ್ಕರಲ್ಲ. ನಾ ಹಂಗ ಕೇಳದಿದ್ರ ನೀವು ಬರೇ ಹಲ್ಲು ಕಡಕೊಂತ ಕುಂದರ್ತಿದ್ರಿ."

ಅರ್ಜುನಪ್ಪ ಗಾಡಿ ನಿಧಾನ ಮಾಡಿ ಅವಳ ಕಡೆ ನೋಡಿದ. ಇಷ್ಟು ವರ್ಷ ಆ ಮನೆಯಲ್ಲಿ ಸಿಟ್ಟು ಸಾಕಿದವನು ತಾನೊಬ್ಬನೇ ಎಂದು ತಿಳಿದಿದ್ದ. ಅನ್ನಪೂರ್ಣಾ ಹೊಸ ಸೀರೆಯ ಸೆರಗು ಸರಿಮಾಡಿಕೊಂಡಳು.

"ಆ ಹೋಳಿಗಿ ಮಾವನ ಲೆಕ್ಕಾನೂ ನನಗ ಬಿಟ್ಟಿದ್ರ, ಅವರು ಜೀವಂತ ಇದ್ದಾಗಽ ಮುಗಸ್ತಿದ್ದೆ" ಎಂದಳು.