ತಲೆಯೊಳಗಿನ ಒತ್ತಡ, ಅಂಗೈಯ ಮೊಸರು

ನೆನಪು ಇದನ್ನು ಚಂದದ ಕತೆ ಮಾಡಲು ಹವಣಿಸುತ್ತದೆ. ತಡೆದು ತಡೆದು ಬರೆಯುತ್ತಿದ್ದೇನೆ.

ಬಗ್ಗಿ ಕಸ ಗುಡಿಸಿದರೆ ಕಣ್ಣ ಮುಂದೆ ಬೂದು ಪರದೆ ಇಳಿಯುತ್ತಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಹಾಕಿ ಅಳೆದರು. ತಲೆಬುರುಡೆಯೊಳಗೆ ಒತ್ತಡ ಹೆಚ್ಚಿದೆ, ಗಡ್ಡೆಯಿಲ್ಲ, ಕಾರಣ ಗೊತ್ತಿಲ್ಲ. ಕಣ್ಣಿನ ನರ ಊದಿತ್ತು. ಇಳಿಯದಿದ್ದರೆ ದೃಷ್ಟಿಯೇ ಹೋಗಬಹುದು. ಮಾತ್ರೆ ಕೊಟ್ಟು, ತಿಂಗಳು ಬಿಟ್ಟು ಬರಲು ಹೇಳಿದರು.

ಅಲ್ಲೇ ಒಬ್ಬ ಸಂಶೋಧಕಿ ಈ ಕಾಯಿಲೆಯ ಗುರುತನ್ನು ರಕ್ತದಲ್ಲಿ ಹುಡುಕುತ್ತಿದ್ದರು. ಸಿಕ್ಕರೆ ಮುಂದಿನವರ ಬೆನ್ನಿಗೆ ಮತ್ತೆ ಮತ್ತೆ ಸೂಜಿ ಬೇಡ. ರಕ್ತ ಕೊಡಲು ನಾನು ಒಪ್ಪಿದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಿತ್ತು, ಅಷ್ಟೇ.

ಖಾನಾಪುರದ ನಮ್ಮ ಮನೆಯಲ್ಲಿ ಮಹತ್ವದ ಕೆಲಸಕ್ಕೆ ಹೊರಟವರ ಅಂಗೈಗೆ ಮೊಸರು ಸಕ್ಕರೆ ಬೀಳುತ್ತದೆ. ಅತ್ತೆ ಹಾಕಿದರು, ನಾನು ನೆಕ್ಕಿದೆ, ಇಬ್ಬರೂ ಬಸ್ಸು ಹತ್ತಿದೆವು.

“ಏನೂ ತಿಂದಿಲ್ಲ ಹೌದಲ್ರೀ?” ಸಂಶೋಧಕಿ ಕೇಳಿದರು.

“ಏನೂ ಇಲ್ರೀ,” ಎಂದೆ.

ಅತ್ತೆಗೆ ಅವಮಾನವಾಯಿತು. “ಏನೂ ಇಲ್ಲ ಅಂತ ಯಾಕ ಹೇಳ್ತಿಯವಾ? ಸೊಸಿನ್ನ ಬರೇ ಬಾಯಿಲೆ ಕಳಸ್ತೀನೇನ ನಾ? ಮೊಸರು ಸಕ್ಕರಿ ಕೊಟ್ಟೇನ್ರೀ, ಸಕ್ಕರಿ ಜಾಸ್ತಿನ ಹಾಕೇನಿ!”

ಸಂಶೋಧಕಿ ಸೂಜಿ ಕೆಳಗಿಟ್ಟು ನಕ್ಕರು. “ಖರೇ ಹೇಳಿದ್ರಿ, ಭಾಳ ಉಪಕಾರ ಆತು. ಮುಂದಿನ ವಾರ ಬರ್ರಿ. ಸಕ್ಕರಿ ಡಬ್ಬಿಗೆ ಕೀಲಿ ಹಾಕಿ ಬರ್ರಿ.”

ಮರುವಾರ ರಕ್ತ ಕೊಡುತ್ತ, ಬಸ್ಸಿಳಿದಾಗ ಎಡಗಡೆಯಿಂದ ಬಂದ ರಿಕ್ಷಾ ಕಾಣಲೇ ಇಲ್ಲ ಎಂದು ಮಾತಿಗೆ ಅಂದೆ. ಅವರು ನನ್ನನ್ನು ನೇರ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದರು. ಊತ ಹೆಚ್ಚಿತ್ತು. ಅಂದೇ ದಾಖಲಿಸಿಕೊಂಡು, ಆಮೇಲೆ ತಲೆಯ ನೀರು ಹೊಟ್ಟೆಗಿಳಿಯಲು ಸಣ್ಣ ಕೊಳವೆ ಹಾಕಿದರು. ತಿಂಗಳು ಕಾದಿದ್ದರೆ ತಡವಾಗುತ್ತಿತ್ತು ಎಂದರು.

ಮೊಸರು ಕೊಡದಿದ್ದರೆ ಮರುವಾರ ಹೋಗುತ್ತಲೇ ಇರಲಿಲ್ಲ, ಮೊಸರೇ ಕಣ್ಣು ಉಳಿಸಿತು ಎಂದು ಅತ್ತೆ ಓಣಿಯ ತುಂಬ ಕನ್ನಡದಲ್ಲೂ ಮರಾಠಿಯಲ್ಲೂ ಹೇಳಿದ್ದಾರೆ. ನಾನು ಪೂರ್ತಿ ನಂಬುವುದಿಲ್ಲ. ಆ ರಿಕ್ಷಾ ಮೊದಲ ವಾರವೇ ಬಂದಿತ್ತೋ, ನಾನೇ ಆಮೇಲೆ ಕತೆಯ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದೆನೋ ತಿಳಿಯದು. ಆದರೆ ಅತ್ತೆಯ ಮಾತನ್ನು ತಿದ್ದಿಲ್ಲ, ತಿದ್ದುವುದೂ ಇಲ್ಲ. ಸಂಶೋಧಕಿಗೆ ಗುರುತು ಇನ್ನೂ ಸಿಕ್ಕಿಲ್ಲ. ಅವರು ಕರೆದಾಗಲೆಲ್ಲ ಹೋಗಿ ತೋಳು ಚಾಚುತ್ತೇನೆ.

ಮೊನ್ನೆ ದೃಷ್ಟಿ ಪರೀಕ್ಷೆಯಿತ್ತು. ಬಟ್ಟಲಿನಂಥ ಯಂತ್ರಕ್ಕೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತಬೇಕು. ಎಡ ಅಂಚಿನಲ್ಲಿ ತೀರ ಮಸುಕಾಗಿ ಏನೋ ಮಿನುಗಿತು. ಒತ್ತಿದೆ.

ಹೊರಗೆ ಬಂದಾಗ ಅತ್ತೆ ಎದ್ದು ನಿಂತಿದ್ದರು. “ಎಲ್ಲಾ ಕಂಡುವೇನವಾ?”

“ಒಂದೆರಡು ಬಿಟ್ಟು ಎಲ್ಲಾ ಕಂಡುವಂತ್ರೀ.”