ಮುಖ ಬೇಡ ಅಂದಿದ್ದಳು ಚಿನ್ನಮ್ಮ

ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಟೀ ಅಂಗಡಿ ಇಟ್ಟುಕೊಂಡವನು ನಾನು. ನನ್ನ ಗಿರಾಕಿಗಳಲ್ಲಿ ಬೊಂಬೆ ಕೆಲಸದ ಮುನಾವರ್ ಸಾಬರಂಥ ಪುಕ್ಕಲರನ್ನು ಕಂಡಿಲ್ಲ. ಆರಿದ ಟೀಯನ್ನೂ ಮೂರು ಸಲ ಊದಿ ಕುಡಿಯುವ ಮನುಷ್ಯ. ಅಂಥವರು ಹೋದ ತಿಂಗಳು ಊರನ್ನೇ ಕೆಣಕುವ ಕೆಲಸಕ್ಕೆ ಕೈಹಾಕಿದರು.

ನಿಲ್ದಾಣದಲ್ಲಿ ದಿನವೂ ಹನ್ನೊಂದು ಜನ ಮಲಗುತ್ತಾರೆ. ಊರಿನ ದೊಡ್ಡವರು ಮಾತ್ರ ‘ನಮ್ಮಲ್ಲಿ ಮನೆಯಿಲ್ಲದವರು ಯಾರಿದ್ದಾರೆ?’ ಎನ್ನುತ್ತಾರೆ. ಕಣ್ಣಿದ್ದೂ ಕುರುಡರು! ಹನ್ನೊಂದು ಬೊಂಬೆ ಮಾಡಿ, ಅವರವರು ಮಲಗುವ ಜಾಗದಲ್ಲೇ ಒಂದು ದಿನ ಹಗಲೆಲ್ಲ ಇಡುವುದೆಂದು ಸಾಬರು ನಿರ್ಧರಿಸಿದರು. ಒಬ್ಬೊಬ್ಬರನ್ನೂ ಕೇಳಿ ಒಪ್ಪಿಸಿದರು. ಛತ್ರದಲ್ಲಿ ಪಾತ್ರೆ ತಿಕ್ಕುವ ಚಿನ್ನಮ್ಮ ಒಂದು ಷರತ್ತು ಹಾಕಿದಳು.

“ಮುಖ ಬರೀಬ್ಯಾಡಿ ಸಾಬ್ರೇ. ಛತ್ರದಾಗೇ ರೂಮ್ ಕೊಟ್ಟವ್ರೆ ಅಂತ ಮಗಳಿಗೆ ಯೋಳಿವ್ನಿ. ಗೊತ್ತಾದ್ರೆ ಹೊಂಗನೂರಿಗೆ ಎಳ್ಕೊಂಡೋಯ್ತಾಳೆ. ಆ ಅತ್ತೆ ಮನೇಲಿ ಅವಳಿಗೇ ನೆಲೆ ಇಲ್ಲ.”

“ಯಾರ್ದೂ ಬರೆಯಾಕಿಲ್ಲ ಚಿನ್ನಮ್ಮಕ್ಕ,” ಎಂದು ಸಾಬರು ಮಾತು ಕೊಟ್ಟರು.

ಹದಿನೈದು ದಿನ ಮರ ಕಡೆದು ಅರಗಿನ ಬಣ್ಣ ಹತ್ತಿಸಿದರು. ಚಿನ್ನಮ್ಮನ ಬೊಂಬೆಗೆ ಅವಳು ಉಡುವಂಥದ್ದೇ ಹಳದಿ ಸೀರೆ, ಹಸಿರು ಅಂಚು.

ಆ ದಿನ ಬೆಳಿಗ್ಗೆ ನಿಲ್ದಾಣಕ್ಕೆ ಬಂದು ಬುಟ್ಟಿ ಬಿಚ್ಚಿದರೆ ಎಲ್ಲ ಬೊಂಬೆಗೂ ಎರಡು ಕಣ್ಣು, ಒಂದು ನಗು! ಅವರ ಹೆಂಡತಿ ಸಾಬಿರಾ ಮೂವತ್ತು ವರ್ಷದಿಂದ ಬೊಂಬೆಗಳಿಗೆ ಮುಖ ಬರೆಯುವವರು. ಮುಖವಿಲ್ಲದ ಬೊಂಬೆ ಆ ಮನೆಯ ಹೊಸಿಲು ದಾಟುವುದಿಲ್ಲ. ಈ ಮುಖಗಳನ್ನೂ ತನಗೇ ಬಿಟ್ಟಿದ್ದಾರೆಂದುಕೊಂಡು ರಾತ್ರಿಯೇ ಬರೆದು ಮುಗಿಸಿದ್ದರು. ಸಾಬರು ಉಗುರಿನಲ್ಲಿ ಕೆರೆದು ನೋಡಿದರು. ಬಣ್ಣ ಒಣಗಿಹೋಗಿತ್ತು.

“ಚಿನ್ನಮ್ಮಂದು ಒಂದನ್ನ ತೆಗೆದಿಡಿ,” ಎಂದೆ ನಾನು.

“ತೆಗುದ್ರೆ ಆಯಮ್ಮ ಇಲ್ವೇ ಇಲ್ಲ ಅಂದಂಗಾಯ್ತದಲ್ಲಪ್ಪಾ,” ಎಂದು ಅಳುವ ದನಿಯಲ್ಲಿ ಹೇಳಿ, ಅದನ್ನೂ ಇಟ್ಟರು. ಪ್ರತಿ ಬೊಂಬೆಯ ಮುಂದೆ ಒಂದು ಚೀಟಿ: ‘ಇಲ್ಲಿ ಒಬ್ಬರು ದಿನಾ ಮಲಗುತ್ತಾರೆ.’

ಆಮೇಲೆ ಅವರು ಕೂರಲಿಲ್ಲ. ಹೊಂಗನೂರಿನ ಬಸ್ಸು ಬಂದಾಗಲೆಲ್ಲ ಇಳಿಯುವ ಹೆಂಗಸರ ಮುಖವನ್ನೇ ನೋಡುತ್ತಿದ್ದರು. ಅವರನ್ನು ನೋಡಿ ನನಗೂ ಗಾಬರಿ ಹತ್ತಿ ಎರಡು ಸಲ ಹಾಲು ಉಕ್ಕಿಸಿದೆ. ಮಧ್ಯಾಹ್ನ ಚಿನ್ನಮ್ಮ ತನ್ನ ಬೊಂಬೆ ನೋಡಲು ಬಂದವಳು ಗೇಟಿನ ಕಡೆ ತಿರುಗಿ ಬೆಚ್ಚಿದಳು.

“ಅಯ್ಯೋ, ನನ್ ಮಗಳು ಚೈತ್ರಾ!” ಎಂದು ಕಂಬದ ಹಿಂದೆ ಸರಿದಳು.

ಪೇಟೆ ಮುಗಿಸಿ ಊರಿನ ಬಸ್ಸಿಗೆ ಬಂದಿದ್ದ ಚೈತ್ರಾ ಹಳದಿ ಸೀರೆಯ ಬೊಂಬೆಯ ಮುಂದೆಯೇ ನಿಂತಳು. ಚೀಟಿ ಓದಿದಳು. ಬೊಂಬೆಯನ್ನು ಕೈಗೆತ್ತಿಕೊಂಡಳು. ಸಾಬರ ತುಟಿ ಏನನ್ನೋ ಜಪಿಸುತ್ತಿತ್ತು.

“ಎಷ್ಟ್ ಚೆಂದಾಗಿ ನಗ್ತೈತೆ!” ಎಂದು ಅದನ್ನು ಕೆಳಗಿಟ್ಟು, ಹೋಗಿ ಬಸ್ ಹತ್ತಿ ಕಿಟಕಿ ಪಕ್ಕ ಕೂತಳು.

ಸಾಬರು ಅಲ್ಲೇ ಕುಸಿದು ಕೂತರು. “ಬಚಾವಾದ್ವಿ ಚಿನ್ನಮ್ಮಕ್ಕ. ಗುರ್ತೇ ಸಿಗ್ಲಿಲ್ಲ.”

ಚಿನ್ನಮ್ಮ ಅಳುತ್ತಿದ್ದಳು. “ಎತ್ತ ತಾಯಿ ಸಾಬ್ರೇ ನಾನು. ಒಸಿನಾರ ಗುರ್ತು ಸಿಗಬ್ಯಾಡ್ವಾ?”

ಡ್ರೈವರ್ ಬಸ್ಸನ್ನು ಸ್ಟಾರ್ಟ್ ಮಾಡಿದ. ಚಿನ್ನಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಓಡಿಹೋಗಿ ಕಿಟಕಿಯ ಸರಳು ಹಿಡಿದಳು.

“ಚೈತ್ರಾ, ಒಸಿ ಇಳಿಯವ್ವ. ನಾನು ಮಲಗೋ ಜಾಗ ತೋರುಸ್ತೀನಿ.”