ಹನುಮಮ್ಮ ಕುದಿಸಿದ ನಲವತ್ತು ಬಾಟ್ಲಿ

ಹನುಮಮ್ಮ ಹುಟ್ಟಿದ್ದು ಸಿರುಗುಪ್ಪದಲ್ಲಿ, ಸೊಸೆಯಾಗಿ ಹೋದದ್ದು ಕುರುಗೋಡಿಗೆ. ಎರಡೂ ಕಡೆ ಮನೆ ಊರ ಹೊರಗಿನ ಕೇರಿಯಲ್ಲೇ. ಗಂಡ ತೀರಿಕೊಂಡ ಮೇಲೆ ಬಳ್ಳಾರಿಗೆ ಬಂದು ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆದಳು. ಹದಿನಾರು ವರ್ಷ ಗಾಜಿನ ಸಿರಿಂಜು, ಸೂಜಿ, ಕತ್ತರಿಗಳನ್ನು ಕುದಿಸಿದಳು. ಮುಟ್ಟಿದರೆ ಮೈಲಿಗೆ ಎನ್ನುವ ಮನೆಗಳ ಹೆಂಗಸರೂ ಆಕೆ ಕುದಿಸಿಕೊಟ್ಟ ಸೂಜಿಗೆ ತೋಳು ಒಡ್ಡಿದರು. ನೋವು ತಿನ್ನುವಾಗ ಯಾರಿಗೂ ಜಾತಿ ನೆನಪಾಗುವುದಿಲ್ಲ. ಮನೆಗೆ ಹೋಗಿ ನೀರು ಎರೆದುಕೊಂಡ ಮೇಲೆ ನೆನಪಾಗುತ್ತದೆ.

ಹಾಗೆ ತೋಳು ಒಡ್ಡಿದವರಲ್ಲಿ ಸತ್ಯನಾರಾಯಣಪೇಟೆಯ ಚನ್ನವೀರಮ್ಮನೂ ಒಬ್ಬಳು. ಆದರೆ ಈಕೆ ಉಪಕಾರ ಮರೆಯುವವಳಲ್ಲ. ಪ್ರತಿ ಬೇಸಿಗೆ ನಿಂಬೆಹಣ್ಣಿನ ಷರಬತ್ತು ಮಾಡಿಡುತ್ತಿದ್ದಳು; ಪ್ರತಿ ಬೇಸಿಗೆ ಅದು ನೊರೆಯೆದ್ದು, ಹುಳಿನಾತ ಹೊಡೆದು, ಬಿರಡೆ ಹಾರಿಸುತ್ತಿತ್ತು. ಎಪ್ಪತ್ತನಾಲ್ಕರ ಮಾರ್ಚಿನಲ್ಲಿ ಹನುಮಮ್ಮನನ್ನು ಕರೆಸಿದಳು.

“ಸಕ್ರಿ ಕಮ್ಮಿ ಹಾಕಿದ್ನೇನ, ಹನುಮವ್ವ?”

“ಸಕ್ರಿ ರಸದ ಎರಡರಷ್ಟು ಇರ್ಲಿ, ಅಕ್ಕಾರ. ಆದ್ರ ಕೆಡಸೋ ಹುಳಾ ಬಾಟ್ಲ್ಯಾಗೂ ಇರತಾವ. ಕಣ್ಣಿಗೆ ಕಾಣಂಗಿಲ್ಲ. ಸೂಜಿ ಯಾಕ ಕುದಸಬೇಕಂತ ಕೇಳಿದ್ರ ನಮ್ಮ ಡಾಕ್ಟರಮ್ಮಾರು ಇದನ್ನ ಹೇಳತಿದ್ರು.”

“ಜೂನ್ ತನ ಕೆಡದಂಗ ಉಳಸಿ ತೋರ್ಸು. ಗಾಂಧಿನಗರದ ನಮ್ಮ ಮಹಿಳಾ ಸಮಾಜದಾಗ ನೀನ ಕಲಸಾಕ ಬರಬೇಕು.”

ಹನುಮಮ್ಮ ‘ಏ ಆಯಾ’ ಎಂದು ಕೂಗಿಸಿಕೊಂಡೇ ಐವತ್ತು ದಾಟಿದವಳು. ಕಲಿಸುವವಳಾಗಿ ನಾಲ್ಕು ಜನರ ಮುಂದೆ ನಿಲ್ಲಬೇಕೆಂಬ ಆಸೆ ಅಂದು ಮೊದಲ ಸಲ ಹುಟ್ಟಿತು.

ಹಿತ್ತಲ ಒಲೆಯ ಮೇಲೆ ಹಂಡೆ ಇಟ್ಟು, ಗಾಜು ಸೀಳದಂತೆ ತಳಕ್ಕೆ ಬಟ್ಟೆ ಹಾಸಿ, ನಲವತ್ತು ಬಾಟ್ಲಿ, ನಲವತ್ತು ಬಿರಡೆ ಅರ್ಧ ತಾಸು ಕುದಿಸಿದಳು. ಇಕ್ಕಳದಲ್ಲಿ ಎತ್ತಿ, ಕುದಿಸಿ ಒಣಗಿಸಿದ ಪಂಚೆಯ ಮೇಲೆ ಸಾಲಾಗಿ ಬೋರಲು ಹಾಕಿದಳು. “ಒಳಗ ಕುದಸದ ಹಸಿ ನೀರು ಒಂದು ಹನಿ ಬೀಳಬಾರ್ದು, ಅಕ್ಕಾರ,” ಎಂದು ಮೂರು ಸಲ ಹೇಳಿ ಡ್ಯೂಟಿಗೆ ಹೋದಳು. ಚನ್ನವೀರಮ್ಮ ಪಾಕ ಕಾಯಿಸಿ, ಸೋಸಿದ ರಸ ಬೆರೆಸಿ, ಬಾಟ್ಲಿ ತುಂಬಿ, ಬಿರಡೆಗೆ ಮೇಣ ಸುರಿದು, ಅದೇ ಸಾಲಿನಲ್ಲಿ ಜೋಡಿಸಿಟ್ಟಳು.

ಇಪ್ಪತ್ತೈದು ದಿನಕ್ಕೆ ಹನ್ನೆರಡು ಬಿರಡೆ ಹಾರಿದವು.

“ನಾ ಅವತ್ತ ಹೇಳ್ಲಿಲ್ಲೇನ?” ಎಂದಳು ಚನ್ನವೀರಮ್ಮನ ಅತ್ತೆ ಕೊಟ್ರಬಸಮ್ಮ. “ಆಕಿ ಕೈ ಮುಟ್ಟಿದ್ದು ಉಳಿತೈತೇನು? ಇನ್ನ ಊರ ಹೆಂಗಸರಿಗೆ ಕಲಸತಾಳಂತ.”

ಹನುಮಮ್ಮ ಬಂದು ಬಾಟ್ಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಕೆಟ್ಟ ಹನ್ನೆರಡೂ ಮುಂದಿನ ಸಾಲಿನವು. ಹಿಂದಿನ ಇಪ್ಪತ್ತೆಂಟು ತಿಳಿಯಾಗಿದ್ದವು.

“ನಲವತ್ತೂ ಮುಟ್ಟಿದಾಕಿ ನಾನ, ಅಮ್ಮಾರ. ನನ್ನ ಕೈಲೆ ಕೆಡೋದಾದ್ರ ನಲವತ್ತೂ ಕೆಡಬೇಕಿತ್ತು. ಹನ್ನೆರಡ ಯಾಕ ಕೆಟ್ಟವು?”

ಮುದುಕಿ ಗೋಡೆ ನೋಡಿದಳು. ಸೊಸೆ ಬಿಡಲಿಲ್ಲ. “ಅತ್ತಿ, ನೀವೇನರ ಮಾಡಿದ್ರೇನು?”

“ತುಂಬೋಕಿಂತ ಮದ್ಲ ಬಾವಿ ನೀರಾಗ ಜಾಲಸೀನಿ. ಮೈಲಿಗಿ ಹೋಗ್ಲಿ ಅಂತ.”

“ಮತ್ತ ಉಳಿದವು?”

“ಸೊಂಟ ಹಿಡೀತು.”

ಚನ್ನವೀರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹನುಮಮ್ಮ ನಗದೆ ಕೈ ಮುಗಿದಳು. “ನಿಮ್ಮ ಸೊಂಟ ತಣ್ಣಗಿರ್ಲಿ, ಅಮ್ಮಾರ. ಇಪ್ಪತ್ತೆಂಟು ಉಳಸೇತಿ.”

ಇಪ್ಪತ್ತೆಂಟೂ ಜೂನ್ ದಾಟಿದವು. ಗಾಂಧಿನಗರದ ಮೊದಲ ಪಾಠಕ್ಕೆ ಕೊಟ್ರಬಸಮ್ಮ ತಾನೇ ಜಟಕಾ ಹತ್ತಿ ಬಂದು ಮುಂದಿನ ಚಾಪೆಯಲ್ಲಿ ಕುಳಿತಳು. ಷರಬತ್ತಿನ ರುಚಿ ನೋಡಲು ಸಮಾಜದ ವಿರೂಪಮ್ಮ ಒಳಗಿನಿಂದ ಗ್ಲಾಸು ತಂದಳು. ಹನುಮಮ್ಮನಿಗೆಂದು ಕೊಟ್ಟದ್ದೂ ನೋಡಲು ಅಂಥದೇ. ಆದರೆ ಅದನ್ನು ಕಿಟಕಿಯ ಹೊರಗೆ ಬೇರೆ ಇಟ್ಟು, ಅಲ್ಲಿಂದ ತಂದಿದ್ದರು. ಕಲಿಸಲು ಕರೆದವಳಿಗೆ ಕುಡಿಯಲು ಹೊರಗಿನ ಗ್ಲಾಸು. ಓದಿದ ಹೆಂಗಸರ ಸಮಾಜ ಅದು.

ಹನುಮಮ್ಮ ಆ ಗ್ಲಾಸನ್ನು ತಿರುಗಿಸಿ ನೋಡಿದಳು. “ಪಾಠ ಇಲ್ಲಿಂದನ ಸುರು ಮಾಡೋಣ್ರಿ,” ಎಂದು ಅದನ್ನೂ ಉಳಿದವನ್ನೂ ಒಂದೇ ಹಂಡೆಗೆ ಇಳಿಸಿದಳು. ಅರ್ಧ ತಾಸಿನ ನಂತರ ಇಕ್ಕಳದಲ್ಲಿ ತೆಗೆದು ಸಾಲಾಗಿ ಬೋರಲು ಹಾಕಿದಳು.

ವಿರೂಪಮ್ಮ ಸಾಲು ನೋಡಿ ಗಲಿಬಿಲಿಗೊಂಡಳು. “ಇದ್ರಾಗ ಆಕಿದು ಯಾವುದು? ತಡೀರಿ, ಎಲ್ಲಾ ಒಂದ್ಸಲ ತೊಳದುಬಿಡ್ತೀನಿ.”

“ಸುಮ್ನ ಕುಂದ್ರು,” ಎಂದಳು ಕೊಟ್ರಬಸಮ್ಮ. “ಹಸಿ ನೀರು ಬಿತ್ತಂದ್ರ ಕೆಡತೈತಿ.”

ಮುದುಕಿ ಸೊಂಟ ಹಿಡಿದುಕೊಂಡು ಬಗ್ಗಿ, ಕೈಗೆ ಸಿಕ್ಕ ಗ್ಲಾಸು ಎತ್ತಿ ಹನುಮಮ್ಮನ ಮುಂದೆ ಹಿಡಿದಳು.

“ಹಾಕವ್ವಾ. ಗಂಟಲು ಒಣಗೇತಿ.”